ಸಾಷ್ಟಿಯ ನೆಲದಿಂದ ಓದಿದ ಲಾಸ್ ಕಾಸಾಸ್

ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಡೊಮಿನಿಕನ್ ಪಂಥದ ಸಂನ್ಯಾಸಿಯು 1542ರಲ್ಲಿ ಬರೆದು, ಹತ್ತು ವರ್ಷಗಳ ತರುವಾಯ ಸೆವಿಲ್ಲಾ ನಗರದಲ್ಲಿ ಅಚ್ಚು ಹಾಕಿಸಿದ ‘ಇಂಡೀಸಿನ ವಿನಾಶದ ಅತಿ ಸಂಕ್ಷಿಪ್ತ ವೃತ್ತಾಂತ’ವೆಂಬ ಕಿರುಹೊತ್ತಗೆಯನ್ನು ಸ್ಪೇನಿನವರೂ ಅಮೆರಿಕದವರೂ ತಮ್ಮ ಮನೆತನದ ವ್ಯಾಜ್ಯವೆಂಬಂತೆ ಶತಮಾನಗಳಿಂದ ವಾದಿಸುತ್ತ ಬಂದಿರುವರು, ಆದರೆ ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬೇರೂರಿದ ಕನ್ನಡಿಗನಿಗೂ ಅದನ್ನು ಪರದೇಶದ ವಾರ್ತೆಯೆಂದು ಬದಿಗಿಡುವ ಹಕ್ಕಿಲ್ಲ. ಗ್ರಂಥಕರ್ತನು ಆ ಪುಸ್ತಕವನ್ನು ಅರ್ಪಿಸಿದುದು ಅಂದಿನ ಯುವರಾಜನಾದ ಫಿಲಿಪನಿಗೆ. ಆ ಫಿಲಿಪನೇ ಮುಂದೆ ಸ್ಪೇನಿನ ಸಿಂಹಾಸನವನ್ನೇರಿ, 1580ರಲ್ಲಿ ಪೋರ್ಚುಗಲ್ಲಿನ ರಾಜ್ಯವನ್ನೂ ವಶಪಡಿಸಿಕೊಂಡು, ತನ್ಮೂಲಕ ವಸಾಯಿಯ ಕೋಟೆಗೂ ಥಾಣೆಯ ಪೇಟೆಗೂ ಸಾಷ್ಟಿ ದ್ವೀಪದ ಭತ್ತದ ಗದ್ದೆಗಳಿಗೂ ಒಡೆಯನಾದನು. ಆಡಳಿತವು ಪೋರ್ಚುಗೀಸರ ಕೈಯಲ್ಲಿಯೇ ಇರತಕ್ಕದ್ದೆಂದು 1581ರಲ್ಲಿ ತೊಮಾರ್ ನಗರದ ಸಭೆಯಲ್ಲಿ ಒಪ್ಪಂದವಾಗಿದ್ದುದು ನಿಜ. ಆದಾಗ್ಯೂ 1640ರವರೆಗೆ ಅರುವತ್ತು ವರ್ಷಗಳ ಕಾಲ, ಮೆಕ್ಸಿಕೋ ಪೆರುಗಳನ್ನಾಳಿದ ಕಿರೀಟವೇ ಥಾಣೆಯ ಈ ಖಾಡಿಯ ದಡವನ್ನೂ ಆಳಿತೆಂಬುದು ನಮ್ಮ ನೆನಪಿನಲ್ಲಿ ಇರಬೇಕಾದಷ್ಟು ಸ್ಪಷ್ಟವಾಗಿಲ್ಲ.

ಪುಸ್ತಕದ ತೂಕವನ್ನರಿಯಲು ಅದನ್ನು ಬರೆದವನ ಸ್ಥಾನವನ್ನು ಮೊದಲು ಗಮನಿಸಬೇಕು. 1484ರಲ್ಲಿ ಸೆವಿಲ್ಲಾದಲ್ಲಿ ಹುಟ್ಟಿ 1502ರಲ್ಲಿ ಹಿಸ್ಪಾನಿಯೋಲಾ ದ್ವೀಪಕ್ಕೆ ಹೋದ ಲಾಸ್ ಕಾಸಾಸನು ದೂರದಲ್ಲಿ ನಿಂತು ಮರುಗಿದ ಸಾಧುವಲ್ಲ. ಎಂಕೊಮಿಯೆಂದಾ ಎಂಬ ಪದ್ಧತಿಯ, ಎಂದರೆ ಮೂಲನಿವಾಸಿಗಳಿಗೆ ಧರ್ಮಬೋಧೆ ಮಾಡಿಸುವ ಹೊಣೆಯ ಹೆಸರಿನಲ್ಲಿ ಅವರ ದುಡಿಮೆಯನ್ನು ಒಬ್ಬೊಬ್ಬ ಸ್ಪೇನಿಗನಿಗೆ ಹಂಚಿಕೊಡುತ್ತಿದ್ದ ವ್ಯವಸ್ಥೆಯ, ಫಲವನ್ನು ತಾನೇ ಉಂಡವನು. 1511ರ ಡಿಸೆಂಬರಿನಲ್ಲಿ ಸಾಂತೋ ದೊಮಿಂಗೋ ನಗರದ ಇಗರ್ಜಿಯಲ್ಲಿ ಮೊಂತೆಸಿನೋಸನೆಂಬ ಧರ್ಮಬೋಧಕನು ಈ ಪದ್ಧತಿಯನ್ನು ಬಹಿರಂಗವಾಗಿ ಖಂಡಿಸಿದಾಗ ಕೂಡ ಅವನು ತನ್ನ ಪಾಲನ್ನು ಬಿಟ್ಟವನಲ್ಲ. ಕ್ಯೂಬಾದ ದಂಡಯಾತ್ರೆಯಲ್ಲಿ ಪಾದ್ರಿಯಾಗಿ ಹೋಗಿ, ಕಾವೊನಾವೋ ಎಂಬ ಊರಿನಲ್ಲಿ ನಿರಾಯುಧರ ಕಗ್ಗೊಲೆಯನ್ನು ಕಣ್ಣಾರೆ ಕಂಡು, 1514ರಲ್ಲಿ ತನಗೆ ದೊರೆತಿದ್ದುದೆಲ್ಲವನ್ನೂ ಹಿಂದಿರುಗಿಸಿದನು. ಅಲ್ಲಿಂದ ಮುಂದೆ 1566ರಲ್ಲಿ ಮಡ್ರಿಡಿನಲ್ಲಿ ತೀರಿಕೊಳ್ಳುವವರೆಗಿನ ಐವತ್ತೆರಡು ವರ್ಷಗಳನ್ನು ಅವನು ಕಳೆದುದು ಮೂಲನಿವಾಸಿಗಳ ಪರವಾದ ಒಂದೇ ಮೊಕದ್ದಮೆಯ ವಕೀಲನಾಗಿ. ಎಂಕೊಮಿಯೆಂದಾವನ್ನು ಮೊಟಕುಗೊಳಿಸಿದ 1542ರ ಹೊಸ ಕಾನೂನುಗಳ ಹಿಂದೆಯೂ, 1550-51ರಲ್ಲಿ ವಲ್ಲಾದೊಲಿದ್ ನಗರದಲ್ಲಿ ಆಕ್ರಮಣದ ನ್ಯಾಯವನ್ನು ಕುರಿತು ಸೆಪುಲ್ವೇದನೆಂಬ ಪಂಡಿತನ ಎದುರು ನಡೆದ ಮಹಾವಾದದ ಹಿಂದೆಯೂ ಇರುವುದು ಈ ಛಲವೇ.

ಪುಸ್ತಕದ ರಚನೆ ಸರಳವಾದುದು, ಒಂದರ್ಥದಲ್ಲಿ ಒರಟಾದುದು. ಒಂದೊಂದು ಪ್ರಾಂತವನ್ನು ಎತ್ತಿಕೊಂಡು, ಅದು ಎಷ್ಟು ಜನಭರಿತವಾಗಿತ್ತು, ಯಾವಾಗ ಸ್ಪೇನಿಗರು ಬಂದರು, ಏನು ಮಾಡಿದರು, ಎಷ್ಟು ಮಂದಿ ಉಳಿದರು ಎಂದು ಅವನು ಹೇಳುತ್ತ ಹೋಗುವನು. ಹಿಸ್ಪಾನಿಯೋಲಾದಲ್ಲಿ ಹೇಳಿದುದನ್ನೇ ಕ್ಯೂಬಾದಲ್ಲಿ, ಕ್ಯೂಬಾದಲ್ಲಿ ಹೇಳಿದುದನ್ನೇ ನಿಕರಾಗುವಾದಲ್ಲಿ ಮತ್ತೆ ಹೇಳುವನು. ಸಾಹಿತ್ಯದೃಷ್ಟಿಯಿಂದ ಈ ಪುನರುಕ್ತಿಯನ್ನು ದೋಷವೆನ್ನುವವರುಂಟು. ನನಗೆ ಅದು ಗ್ರಂಥದ ಶಕ್ತಿಯಾಗಿಯೇ ತೋರಿದೆ, ಏಕೆಂದರೆ ಒಮ್ಮೆ ನಡೆದರೆ ಅಪಘಾತವೆನ್ನಬಹುದಾದುದು ಹತ್ತು ಕಡೆ ಅದೇ ಕ್ರಮದಲ್ಲಿ ನಡೆದಾಗ ಅದನ್ನು ಪದ್ಧತಿಯೆನ್ನದೆ ವಿಧಿಯಿಲ್ಲ. ಇದಕ್ಕೆ ಒತ್ತಾಸೆಯಾಗಿ ನಿಲ್ಲುವ ಇನ್ನೊಂದು ವಿಶೇಷವೆಂದರೆ, ಕೊರ್ತೆಸ್, ಪಿಜಾರೊ, ಅಲ್ವರಾದೊ ಮೊದಲಾದ ಪ್ರಖ್ಯಾತ ನಾಯಕರ ಹೆಸರನ್ನು ಅವನು ಬಹುಮಟ್ಟಿಗೆ ಎತ್ತುವುದೇ ಇಲ್ಲ. ದುಷ್ಟನೊಬ್ಬನನ್ನು ತೆಗೆದುಹಾಕಿದರೆ ರಾಜ್ಯ ಸರಿಹೋದೀತೆಂಬ ಸುಲಭ ಸಮಾಧಾನಕ್ಕೆ ರಾಜನಿಗೆ ಅವಕಾಶವನ್ನೇ ಕೊಡುವುದಿಲ್ಲ. ದೋಷವು ಆಕ್ರಮಣವೆಂಬ ಕ್ರಿಯೆಯಲ್ಲಿಯೇ ಇದೆ ಎಂಬುದು ಅವನ ಆರೋಪ. ಹದಿನಾರನೆಯ ಶತಮಾನದಲ್ಲಿ, ಆ ಆಕ್ರಮಣದ ಲಾಭವನ್ನುಣ್ಣುತ್ತಿದ್ದ ಅರಸನ ಮುಂದೆಯೇ, ಅಷ್ಟು ನೇರವಾಗಿ ಈ ಮಾತನ್ನಾಡಿದವರು ವಿರಳ.

ಹೀಗೆಂದು ಗ್ರಂಥವನ್ನು ನಿರ್ದುಷ್ಟವೆನ್ನಲಾಗದು. ಅವನು ಕೊಡುವ ಲಕ್ಷ ಕೋಟಿಗಳ ಲೆಕ್ಕ ಎಣಿಸಿ ಕೊಟ್ಟುದಲ್ಲ. ಹಿಸ್ಪಾನಿಯೋಲಾ ಒಂದರಲ್ಲಿಯೇ 30 ಲಕ್ಷ ಜನರಿದ್ದರೆಂಬ ಅವನ ಮಾತನ್ನು ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಸಿಡುಬು ಮೊದಲಾದ ಸಾಂಕ್ರಾಮಿಕಗಳು ಕತ್ತಿಗಿಂತ ಹೆಚ್ಚಾಗಿ ಜನಸಂಹಾರ ಮಾಡಿದುದಕ್ಕೆ ಇಲ್ಲಿ ತಕ್ಕ ಸ್ಥಾನವಿಲ್ಲ. ಇದಕ್ಕಿಂತ ಗುರುತರವಾದ ಕೊರತೆಯೊಂದಿದೆ: ಮೂಲನಿವಾಸಿಗಳು ಅವನ ಪುಟಗಳಲ್ಲಿ ಸಾಧುಗಳಾಗಿ, ದೀನರಾಗಿ, ಕೊಲ್ಲಲ್ಪಡುವುದಕ್ಕೆಂದೇ ನಿಂತವರಾಗಿ ಕಾಣುವರೇ ಹೊರತು, ಯೋಚಿಸುವ, ಒಪ್ಪಂದ ಮಾಡಿಕೊಳ್ಳುವ, ತಮ್ಮತಮ್ಮೊಳಗೆ ದ್ವೇಷಿಸುವ ಪೂರ್ಣ ಮನುಷ್ಯರಾಗಿ ಅಪೂರ್ವವಾಗಿ ಮಾತ್ರ ಕಾಣುವರು. ಕ್ಯೂಬಾದಲ್ಲಿ ಜೀವಂತ ದಹನಕ್ಕೊಳಗಾದ ಹತುಯೆ ಎಂಬ ನಾಯಕನ ಪ್ರಸಂಗ ಅಂತಹ ಅಪೂರ್ವಗಳಲ್ಲೊಂದು. ಕಂಬಕ್ಕೆ ಕಟ್ಟಿದ ಮೇಲೆ ಪಾದ್ರಿಯೊಬ್ಬನು ಸ್ವರ್ಗದ ಆಸೆ ತೋರಿಸಲು, ಸ್ಪೇನಿಗರೂ ಅಲ್ಲಿಗೇ ಹೋಗುವರೇ ಎಂದು ಅವನು ಕೇಳಿ, ಒಳ್ಳೆಯವರು ಹೋಗುವರೆಂಬ ಉತ್ತರ ಬರಲು, ಹಾಗಾದರೆ ತನಗೆ ನರಕವೇ ಇರಲೆಂದನಂತೆ. ಆ ಒಂದು ಪುಟದಲ್ಲಿ ಸೋತವನಿಗೆ ಬುದ್ಧಿಯೂ ಅಭಿಮಾನವೂ ಧ್ವನಿಯೂ ಒಟ್ಟಿಗೆ ಒದಗಿವೆ. ಉಳಿದ ಪುಟಗಳಲ್ಲಿ ಸೋತವನ ಪರವಾಗಿ ಲಾಸ್ ಕಾಸಾಸನೇ ಮಾತನಾಡುತ್ತಾನೆ. ಮೂಲನಿವಾಸಿಗಳ ಭಾರವಿಳಿಸಲು ಆಫ್ರಿಕದಿಂದ ಗುಲಾಮರನ್ನು ತರಿಸಬಹುದೆಂದು ಅವನು ಒಂದು ಕಾಲದಲ್ಲಿ ಸಲಹೆಯಿತ್ತುದೂ, ವೃದ್ಧಾಪ್ಯದಲ್ಲಿ ಅದಕ್ಕಾಗಿ ಪಶ್ಚಾತ್ತಾಪಪಟ್ಟುದೂ ಇತಿಹಾಸದ ಭಾಗಗಳೇ. ಅವನ ಬೃಹದ್ಗ್ರಂಥವಾದ ‘ಇಂಡೀಸಿನ ಇತಿಹಾಸ’ದಲ್ಲಿ ಪೋರ್ಚುಗೀಸರು ಆಫ್ರಿಕದ ಕರಾವಳಿಯಲ್ಲಿ ನಡೆಸಿದ ಜನಾಪಹರಣಕ್ಕೂ ಅಷ್ಟೇ ಕಟುವಾದ ಖಂಡನೆಯಿದೆ, ಆದರೆ ಆ ಗ್ರಂಥವು 1875ರವರೆಗೆ ಅಚ್ಚಿನ ಮುಖವನ್ನೇ ಕಾಣಲಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಮೊಗಲ ದೊರೆ ಹುಮಾಯೂನನ ಭಯದಿಂದ ಕಂಗೆಟ್ಟ ಗುಜರಾತಿನ ಸುಲ್ತಾನ ಬಹಾದುರ ಶಹನು 1534ರ ಡಿಸೆಂಬರಿನಲ್ಲಿ ವಸಾಯಿಯನ್ನೂ ಅದಕ್ಕೆ ಸೇರಿದ ಸಾಷ್ಟಿ, ಥಾಣೆ, ಮುಂಬಯಿ ಮುಂತಾದ ಪ್ರದೇಶಗಳನ್ನೂ ಪೋರ್ಚುಗೀಸ್ ಗವರ್ನರ್ ನೂನೊ ದ ಕುನ್ಹಾನಿಗೆ ಬರೆದುಕೊಟ್ಟನು. ಅಮೆರಿಕದಲ್ಲಿ 1513ರ ನಂತರ ದಂಡಯಾತ್ರೆಗಳ ಮುನ್ನ ‘ರೆಕೆರಿಮಿಯೆಂತೊ’ ಎಂಬ ಘೋಷಣೆಯನ್ನು, ಕೇಳುವವರಿಗೆ ತಿಳಿಯದ ಸ್ಪ್ಯಾನಿಷ್ ಭಾಷೆಯಲ್ಲಿ ಓದಿ, ಶರಣಾಗಲು ಅವರಿಗೆ ಅವಕಾಶ ಕೊಟ್ಟೆವೆಂದು ದಾಖಲಿಸಿಕೊಳ್ಳುತ್ತಿದ್ದರು. ಇಲ್ಲಿ ಆ ನಾಟಕ ಬೇಕಾಗಲಿಲ್ಲ, ಏಕೆಂದರೆ ಸುಲ್ತಾನನ ಸಹಿಯೊಂದೇ ಸಾಕಾಯಿತು. ಸಾಷ್ಟಿಯ ಕುಣಬಿಗಳನ್ನಾಗಲಿ, ಭಂಡಾರಿಗಳನ್ನಾಗಲಿ, ಬೆಸ್ತರಾದ ಕೋಳಿ ಜನರನ್ನಾಗಲಿ ಕೇಳಿದವರಿಲ್ಲ. ಮೂರು ವರ್ಷ ತುಂಬುವ ಮೊದಲೇ, 1537ರಲ್ಲಿ, ದೀವ್ ಬಂದರಿನಲ್ಲಿ ಪೋರ್ಚುಗೀಸರೊಡನೆ ನಡೆದ ಘರ್ಷಣೆಯಲ್ಲಿ ಆ ಸುಲ್ತಾನನೂ ಸಮುದ್ರದ ಪಾಲಾದನು. ಪೆರುವಿನ ಅರಸ ಅತಹುವಾಲ್ಪನು ಸ್ಪೇನಿಗರ ಸೆರೆಯಲ್ಲಿ ಹತನಾಗಿ ಆಗ ನಾಲ್ಕು ವರ್ಷ ಸಹ ಆಗಿರಲಿಲ್ಲ.

ತರುವಾಯದ ವ್ಯವಸ್ಥೆಯಲ್ಲಿ ಎಂಕೊಮಿಯೆಂದಾದ ಬಂಧುತ್ವ ಎದ್ದು ಕಾಣುವುದು. ಊರುಗಳನ್ನು ಪೋರ್ಚುಗೀಸ್ ಕುಲೀನರಿಗೂ ಸೈನಿಕರಿಗೂ ಧಾರ್ಮಿಕ ಸಂಸ್ಥೆಗಳಿಗೂ, ‘ಫೋರೊ’ ಎಂಬ ವಾರ್ಷಿಕ ಕಾಣಿಕೆ ಸಲ್ಲಿಸುವ ಕರಾರಿನ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಲೆಮಾರಿನವರೆಗೆ ವಹಿಸಿಕೊಡುತ್ತಿದ್ದರು. ಗದ್ದೆಯನ್ನು ಉಳುವ ಕುಣಬಿಯು ಗದ್ದೆಯೊಡನೆಯೇ ಹಸ್ತಾಂತರಗೊಳ್ಳುತ್ತಿದ್ದನು. ಮುಂಬಯಿ ದ್ವೀಪವನ್ನು ಹೀಗೆ ಪಡೆದವನು ಗಾರ್ಸಿಯಾ ದ ಒರ್ತಾ ಎಂಬ ವೈದ್ಯ. 1492ರಲ್ಲಿ, ಕೊಲಂಬಸನು ಹಡಗೇರಿದ ವರ್ಷದಲ್ಲಿಯೇ, ಸ್ಪೇನಿನಿಂದ ಗಡೀಪಾರಾದ ಯಹೂದಿ ಕುಟುಂಬದ ಮಗನಾದ ಇವನು 1563ರಲ್ಲಿ ಗೋವೆಯಲ್ಲಿ ನಮ್ಮ ಮೂಲಿಕೆಗಳ ಕುರಿತು ಅಮೂಲ್ಯವಾದ ಗ್ರಂಥವನ್ನು ಅಚ್ಚು ಹಾಕಿಸಿದನು. 1568ರಲ್ಲಿ ತೀರಿಕೊಂಡ ಅವನ ಅಸ್ಥಿಗಳನ್ನು 1580ರಲ್ಲಿ ಗೋವೆಯ ಧರ್ಮನ್ಯಾಯಾಲಯವು ಅಗೆದು ತೆಗೆಸಿ ಸುಡಿಸಿತು. ಭೂಮಿಯನ್ನು ಗೆದ್ದವರ ಕೈ ತಮ್ಮವರ ಗೋರಿಯನ್ನೂ ಬಿಡಲಿಲ್ಲ.

ಇಷ್ಟೆಲ್ಲ ನಡೆದ ಸಾಷ್ಟಿಗೆ ಲಾಸ್ ಕಾಸಾಸನಿಗೆ ಸಮಾನನಾದ ಸಾಕ್ಷಿಯನ್ನು ನಾನು ಕಾಣೆ. ಸಿಮಾವೊ ಬೊತೆಲ್ಯೋ ಎಂಬ ಪೋರ್ಚುಗೀಸ್ ಅಧಿಕಾರಿಯ 1554ರ ದಫ್ತರವು ಊರುಗಳನ್ನೂ ಅವುಗಳ ಉತ್ಪತ್ತಿಯನ್ನೂ ಶ್ರದ್ಧೆಯಿಂದ ಬರೆದಿಟ್ಟಿದೆ, ಉತ್ಪತ್ತಿ ಮಾಡಿದವನ ಪಾಡನ್ನು ಬರೆದಿಲ್ಲ. ಫ್ರಾನ್ಸಿಸ್ ಝೇವಿಯರನು ತನ್ನ ಪತ್ರಗಳಲ್ಲಿ ಅಧಿಕಾರಿಗಳ ಧನದಾಹವನ್ನು ಅರಸನಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದನು. ದಿಯೋಗೊ ದೊ ಕೌತೊ ಎಂಬ ಇತಿಹಾಸಕಾರನು ಗೋವೆಯ ಆಡಳಿತದ ಲಂಚಗುಳಿತನವನ್ನು ಬಯಲಿಗೆಳೆದನು. ಆದರೆ ಅವರ ದೂರು ಆಳ್ವಿಕೆ ಕೆಟ್ಟಿತೆಂಬುದೇ ಹೊರತು ಆಳುವ ಹಕ್ಕೇ ಇಲ್ಲವೆಂಬುದಲ್ಲ. ಇವರನ್ನು ಪಕ್ಕದಲ್ಲಿರಿಸಿ ನೋಡಿದಾಗಲೇ ಲಾಸ್ ಕಾಸಾಸನ ಎತ್ತರ ನಮಗೆ ಸರಿಯಾಗಿ ಅಳತೆಗೆ ಸಿಕ್ಕುವುದು.

ಸೋತವರ ಕಡೆಯ ಬರಹ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಇತಿಹಾಸಕಾರ ರಾಜವಾಡೆಯವರು 1924ರಲ್ಲಿ ಪ್ರಕಟಿಸಿದ ‘ಮಹಿಕಾವತಿಯ ಬಖರ್’ ಎಂಬ ಮರಾಠಿ ವೃತ್ತಾಂತವು ಉತ್ತರ ಕೊಂಕಣದ ಅರಸುಕುಲಗಳನ್ನೂ ಮನೆತನಗಳ ವತನಗಳನ್ನೂ ಕುರಿತು ಹೇಳುವಾಗ ಫಿರಂಗಿಯರ, ಎಂದರೆ ಪೋರ್ಚುಗೀಸರ, ಆಗಮನವನ್ನೂ ನಮೂದಿಸುತ್ತದೆ; ‘ಸಾಷ್ಟಿಯ ಬಖರ್’ ಅಂಜೂರಿನ ಗಂಗಾಜಿ ನಾಯಕರಂತಹವರು ಪೇಶ್ವೆಯ ನೆರವನ್ನು ಬೇಡಿ, 1737ರಲ್ಲಿ ಮರಾಠಾ ಸೇನಾನಿ ಚಿಮಾಜಿ ಅಪ್ಪನ ಸೇನೆಯಿಂದ ಥಾಣೆಯನ್ನು ಬಿಡಿಸಿದ ಕಥೆಯನ್ನು ಗೆದ್ದವರ ಉತ್ಸಾಹದಿಂದ ಹೇಳುತ್ತದೆ. ಮೊದಲನೆಯದರ ಚಿಂತೆ ಕುಲದ ಹಕ್ಕು, ಎರಡನೆಯದರದು ವಿಜಯ. ಮೆಕ್ಸಿಕೋದಲ್ಲಿ ಸಹಗುನ್ ಎಂಬ ಫ್ರಾನ್ಸಿಸ್ಕನ್ ಪಾದ್ರಿಯು ಅಲ್ಲಿನ ವೃದ್ಧರ ಬಾಯಿಂದ ನಹುವಾಟಲ್ ಭಾಷೆಯಲ್ಲಿಯೇ ಬರೆಸಿಕೊಂಡ ಹನ್ನೆರಡು ಸಂಪುಟಗಳಲ್ಲಿ, ಕೊನೆಯದಾದ ಆಕ್ರಮಣದ ಸಂಪುಟವು ಸೋತವರ ಕಣ್ಣಿನಿಂದ ಕಂಡುದಾಗಿದೆ. ಸಾಷ್ಟಿಯ ರೈತನ ಮಾತನ್ನು ಹಾಗೆ ಬರೆದುಕೊಂಡವರ ಪುಸ್ತಕ ನಮ್ಮ ಕೈಗೆ ಬಂದಿಲ್ಲ. ಇದ್ದುದೂ ಅಳಿದಿದೆ. ನವಿ ಮುಂಬಯಿಯ ಎದುರಿನ ಘಾರಾಪುರಿಯ ಗುಹಾದ್ವಾರದಲ್ಲಿದ್ದ ಶಿಲಾಲೇಖವನ್ನು ಕಿತ್ತು ಪೋರ್ಚುಗಲ್ಲಿನ ಅರಸನಿಗೆ ಕಳುಹಿಸಿದರೆಂದೂ, ಅದನ್ನು ಓದಬಲ್ಲವರು ಯಾರೂ ದೊರೆಯಲಿಲ್ಲವೆಂದೂ ಕೌತೊ ಬರೆದಿರುವನು. ಆ ಕಲ್ಲು ಇಂದಿಗೂ ಸಿಕ್ಕಿಲ್ಲ. ಅದೇ ಸಾಷ್ಟಿಯ ಕಾನ್ಹೇರಿ ಗುಹೆಗಳಲ್ಲಿ, ನಮ್ಮ ನೃಪತುಂಗನನ್ನು ಸಾರ್ವಭೌಮನೆಂದು ಹೇಳುವ ಶಿಲಾಹಾರರ ಕಾಲದ ಶಾಸನಗಳು ಉಳಿದು ಬಂದುದನ್ನು ನೆನೆದಾಗ, ಕಳೆದುಹೋದ ಆ ಕಲ್ಲು ಏನು ಹೇಳುತ್ತಿತ್ತೋ ಎಂಬ ಸಂಕಟ ಕನ್ನಡಿಗನಾದವನಿಗೆ ಸಹಜವಾಗಿಯೇ ಹುಟ್ಟುವುದು. ಯುಕತಾನದ ಮನೀ ಊರಿನಲ್ಲಿ 1562ರಲ್ಲಿ ಮಾಯಾ ಜನರ ಪುಸ್ತಕಗಳನ್ನು ಲಾಂದಾ ಎಂಬ ಪಾದ್ರಿಯು ರಾಶಿ ಹಾಕಿ ಸುಟ್ಟುದೂ ಇದೇ ಜಾತಿಯ ನಷ್ಟ.

ಲಾಸ್ ಕಾಸಾಸನು ಬಿಟ್ಟ ಒಂದು ವಿಷಯವನ್ನು ಮಾತ್ರ ನಾವು ಬಿಡಲಾಗದು. ಕೊರ್ತೆಸನು ಮೆಕ್ಸಿಕೋವನ್ನು ಗೆದ್ದುದು ಕೆಲವೇ ನೂರು ಸ್ಪೇನಿಗರಿಂದಲ್ಲ, ಅಜ್ಟೆಕರನ್ನು ದ್ವೇಷಿಸುತ್ತಿದ್ದ ತ್ಲಾಶ್ಕಾಲದ ಸಾವಿರಾರು ಯೋಧರ ನೆರವಿನಿಂದ. ಅದಕ್ಕೂ ಮೊದಲೇ, 1510ರಲ್ಲಿ, ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕನನ್ನು ಗೋವೆಯ ಮೇಲೆ ದಾಳಿ ಮಾಡಲು ಪ್ರೇರೇಪಿಸಿ ತನ್ನ ನೌಕೆಗಳೊಡನೆ ಜೊತೆಗೂಡಿದವನು ನಮ್ಮ ಹೊನ್ನಾವರದ ತಿಮ್ಮಯ್ಯ. 1659ರಲ್ಲಿ, ವಿಜಾಪುರದ ಆದಿಲಶಾಹಿಯಿಂದ ಗೆದ್ದುಕೊಂಡ ಕಲ್ಯಾಣದ ಖಾಡಿಯಲ್ಲಿ ಶಿವಾಜಿ ಮಹಾರಾಜರು ಹಡಗು ಕಟ್ಟಿಸತೊಡಗಿದಾಗ, ಲೈತಾವೊ ವಿಯೆಗಾಸ್ ಎಂಬ ಮನೆತನದ ಪೋರ್ಚುಗೀಸ್ ಕುಶಲಿಗಳೇ ಆ ಕೆಲಸಕ್ಕೆ ನಿಂತರು, ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲು ವಸಾಯಿಯ ಅಧಿಕಾರಿಗಳು ಪ್ರಯತ್ನಿಸಬೇಕಾಯಿತು. ಆಕ್ರಮಣದ ಇತಿಹಾಸದಲ್ಲಿ ಎರಡೂ ಕಡೆಯ ಕೈಗಳು ಎರಡೂ ಕಡೆ ಕೆಲಸ ಮಾಡಿವೆ. ಲಾಸ್ ಕಾಸಾಸನು ಬಿಡಿಸಿದ ಕುರಿ ತೋಳಗಳ ಚಿತ್ರದಲ್ಲಿ ಇದು ಅಡಕವಾಗುವುದಿಲ್ಲ. ಇಂದು ಸಾಷ್ಟಿ ವಸಾಯಿಗಳಲ್ಲಿ ಮರಾಠಿಯನ್ನಾಡುತ್ತ ಬಾಳುವ, 1887ರಲ್ಲಿ ‘ಈಸ್ಟ್ ಇಂಡಿಯನ್’ ಎಂಬ ಹೆಸರನ್ನು ತಾಳಿದ ಕ್ರೈಸ್ತರು ಈ ನೆಲದ ಹಳೆಯ ರೈತರ ಮತ್ತು ಬೆಸ್ತರ ಸಂತಾನವೇ. ಗತಿಸಿದ ಅಧಿಕಾರದ ಪಾಪವನ್ನು ಅವರ ಲೆಕ್ಕಕ್ಕೆ ಬರೆಯುವುದು ಚರಿತ್ರೆಯೂ ಅಲ್ಲ, ನ್ಯಾಯವೂ ಅಲ್ಲ.

ಡಚ್ಚರೂ ಆಂಗ್ಲರೂ ಲಾಸ್ ಕಾಸಾಸನನ್ನು ಅನುವಾದಿಸಿ, ಸ್ಪೇನನ್ನು ಹಳಿಯಲು ಆಯುಧವಾಗಿ ಬಳಸಿ, ತಾವೇ ಬೇರೆ ದೇಶಗಳಲ್ಲಿ ಅದನ್ನೇ ಮಾಡಿದರು. ಪೋರ್ಚುಗೀಸರು 1730ರ ಸುಮಾರಿಗೆ ಕಟ್ಟತೊಡಗಿದ ಥಾಣೆಯ ಕೋಟೆಯನ್ನು ಆಂಗ್ಲರು 1774ರಲ್ಲಿ ಹಿಡಿದು, ಮುಂದೆ ಸೆರೆಮನೆಯಾಗಿಸಿ, 1910ರ ಏಪ್ರಿಲ್ 19ರಂದು ಅನಂತ ಕಾನ್ಹೇರೆ ಮೊದಲಾದ ಮೂವರು ಕ್ರಾಂತಿಕಾರಿ ತರುಣರನ್ನು ಅಲ್ಲಿಯೇ ಗಲ್ಲಿಗೇರಿಸಿದುದು ಇದಕ್ಕೆ ನಮ್ಮ ಕಣ್ಣೆದುರಿನ ಪ್ರಮಾಣ. ಪರರ ಪಾಪವನ್ನೆಣಿಸಲು ಓದುವವನಿಗೆ ಈ ಪುಸ್ತಕ ಏನನ್ನೂ ಕೊಡದು. ಅಂಕಿಗಳಿಗಾಗಿ ಅದನ್ನು ನಂಬಬೇಡಿ. ತನ್ನವರ ಎದುರಿಗೆ ತನ್ನ ಅರಸನಿಗೆ ಸತ್ಯವನ್ನು ಹೇಳಿದ ಸಾಕ್ಷ್ಯವಾಗಿ ಅದನ್ನು ಓದಿರಿ. ಮೂಲ ಸ್ಪ್ಯಾನಿಷಿನಿಂದ, ಹೊನ್ನಾವರ ಗೋವೆ ವಸಾಯಿ ಥಾಣೆಗಳ ವೃತ್ತಾಂತವನ್ನು ಟಿಪ್ಪಣಿಯಾಗಿ ಜೋಡಿಸಿ, ಎರಡು ಬಖರುಗಳ ಅನುವಾದವನ್ನೂ ಗರ್ಸನ್ ದ ಕುನ್ಹಾರು 1876ರಲ್ಲಿ ಚೌಲ್ ವಸಾಯಿಗಳನ್ನು ಕುರಿತು ಬರೆದುದರ ಸಾರವನ್ನೂ ಸೇರಿಸಿ, ಕನ್ನಡದಲ್ಲಿ ಒಂದು ಆವೃತ್ತಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಮುಂಬಯಿ, ಥಾಣೆ, ಡೊಂಬಿವಲಿಗಳ ಕನ್ನಡ ವಿದ್ವಾಂಸರೂ ಸಂಘಸಂಸ್ಥೆಗಳೂ ಕೈ ಹಾಕಬೇಕೆಂದು ನಾನು ಆಗ್ರಹಪೂರ್ವಕವಾಗಿ ಬಿನ್ನವಿಸುತ್ತೇನೆ.