ಒಂದು ಮೂಲಪಾಠ, ಹಲವು ರೂಪಗಳು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು, ನೆರೆಯ ಕೆಲವು ತಾಲ್ಲೂಕುಗಳವುಗಳೊಡನೆ, ಬಿ. ಎಲ್. ರೈಸ್ ಅವರ ಸಂಪಾದಕತ್ವದಲ್ಲಿ 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟವಾಗಿ ಹೊರಬಂದುವು. ಆ ಸಂಪುಟದಿಂದಾದ ಉಪಕಾರವು ನಿರ್ವಿವಾದವಾದುದು. ಪ್ರಕೃತ ವಿಮರ್ಶೆಗೆ ವಿಷಯವಾಗಿರುವುದು ಅದರ ರಚನಾಕ್ರಮ ಮಾತ್ರ. ಅದರಲ್ಲಿ ಕನ್ನಡ ಶಾಸನಗಳ ಪಾಠವು ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ ಬರುತ್ತದೆ. ಇಂಗ್ಲಿಷ್ ಅನುವಾದವು ಬೇರೊಂದು ಕಡೆಯಲ್ಲಿರುತ್ತದೆ. ಒಂದಕ್ಷರವನ್ನು ತಿದ್ದಬೇಕಾದರೆ ಮೂರೆಡೆಗಳಲ್ಲಿಯೂ ನೋಡಬೇಕು.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಆವೃತ್ತಿಯನ್ನು ಕೈಗೊಂಡಾಗ ನಂಜನಗೂಡು 1974ರ ಮೂರನೆಯ ಸಂಪುಟಕ್ಕೂ ನರಸೀಪುರ 1976ರ ಐದನೆಯ ಸಂಪುಟಕ್ಕೂ ಸೇರಿದುವು. ಹೀಗೆ ರೂಪಗಳು ಹೆಚ್ಚಿದಂತೆಲ್ಲ ಪಾಠಗಳ ಐಕಮತ್ಯವನ್ನು ಕಾಯುವ ಹೊಣೆಯೂ ಹೆಚ್ಚುತ್ತದೆ.

ಈಗ ಗಣಕಯಂತ್ರವನ್ನು ಬಲ್ಲವರು ಒಂದು ಪರಿಹಾರವನ್ನು ಸೂಚಿಸುತ್ತಾರೆ. ಶಾಸನಪಾಠವನ್ನು ಅಲಂಕಾರವಿಲ್ಲದ ಸರಳ ಪಠ್ಯವಾಗಿ ಒಂದೇ ಕಡತದಲ್ಲಿಟ್ಟು, ಸಾಲಿನ ಸಂಖ್ಯೆ, ತ್ರುಟಿತ ಸ್ಥಳ, ಊಹಿಸಿ ತುಂಬಿದ ಅಕ್ಷರ ಇವುಗಳನ್ನು ನಿಯತವಾದ ಗುರುತುಗಳಿಂದ ಸೂಚಿಸಿದರೆ, ಕನ್ನಡ ಮುದ್ರಣ, ರೋಮನ್ ಲಿಪ್ಯಂತರ, ಪದಸೂಚಿ ಎಲ್ಲವನ್ನೂ ಯಂತ್ರವೇ ಅದರಿಂದ ಸಿದ್ಧಪಡಿಸುತ್ತದೆ. ತಿದ್ದುಪಡಿ ಒಂದೇ ಕಡೆ; ಫಲ ಎಲ್ಲೆಡೆ. ಪಾಶ್ಚಾತ್ಯ ಶಾಸನತಜ್ಞರ ‘ಎಪಿಡಾಕ್’ ಪದ್ಧತಿಯೂ ಈ ತತ್ತ್ವವನ್ನೇ ಅನುಸರಿಸಿದುದು.

ಕ್ರಮವು ಸ್ತುತ್ಯವೇ ಸರಿ. ಆದರೆ ಎರಡು ವಿಷಯಗಳನ್ನು ವಿವೇಚಿಸಬೇಕು. ಮೊದಲನೆಯದಾಗಿ, ಮೂಲದಲ್ಲಿಲ್ಲದುದು ರೂಪಾಂತರದಲ್ಲಿ ಹುಟ್ಟಲಾರದು. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು. ಓದುಗರ ಸೌಕರ್ಯಕ್ಕೆಂದು ಕಡತದಲ್ಲಿ ಱಕಾರವನ್ನು ರಕಾರವಾಗಿಯೂ ೞಕಾರವನ್ನು ಳಕಾರವಾಗಿಯೂ ಬರೆದುಬಿಟ್ಟರೆ, ಶಾಸನದ ಕಾಲನಿರ್ಣಯಕ್ಕೆ ನೆರವಾಗುವ ಭಾಷಾಸಾಕ್ಷ್ಯವು ಎಲ್ಲ ರೂಪಗಳಿಂದಲೂ ಒಟ್ಟಿಗೆ ಅಳಿದುಹೋಗುತ್ತದೆ. ಹಳೆಯ ರೂಪದಿಂದ ಹೊಸದನ್ನು ಯಂತ್ರವು ತೆಗೆಯಬಲ್ಲುದು. ಹೊಸದರಿಂದ ಹಳೆಯದನ್ನು ತೆಗೆಯಲಾರದು.

ಎರಡನೆಯದು ಇನ್ನೂ ಗಹನವಾದುದು. ಪ್ರತ್ಯೇಕವಾಗಿ ಮೊಳೆ ಜೋಡಿಸಿದ ಎರಡು ಪಾಠಗಳಲ್ಲಿ ಭೇದ ಕಂಡರೆ, ಒಂದೆಡೆ ತಪ್ಪಿರಬೇಕೆಂದು ಎಚ್ಚತ್ತು ವಾಚಕನು ಪಡಿಯಚ್ಚನ್ನು ಹುಡುಕುತ್ತಿದ್ದನು. ಒಂದೇ ಕಡತದಿಂದ ಹೊರಟ ಪಾಠಗಳಲ್ಲಿ ಭೇದವೇ ಇರುವುದಿಲ್ಲ. ಸಂಪಾದಕನು ತಪ್ಪಾಗಿ ಓದಿದ ಅಕ್ಷರವು ಎಲ್ಲೆಡೆಯೂ ನಿಶ್ಶಬ್ದವಾಗಿ ನೆಲೆಸುತ್ತದೆ. ಇಲ್ಲಿ ಪಾಠಗಳ ಐಕ್ಯವು ಸಾಧುತ್ವಕ್ಕೆ ಪ್ರಮಾಣವಲ್ಲ. ಒಬ್ಬನೇ ಸಾಕ್ಷಿ ಮೂರು ಸಲ ನುಡಿದರೆ ಮೂವರು ಸಾಕ್ಷಿಗಳಾಗುವುದಿಲ್ಲ.

ಅನುವಾದವಂತೂ ಬರಿಯ ರೂಪಾಂತರವಲ್ಲ, ಅರ್ಥನಿರ್ಣಯ. ಅದನ್ನು ಲಿಪ್ಯಂತರದಂತೆ ನಿಯಮಕ್ಕೊಪ್ಪಿಸಿ ಕೈತೊಳೆದುಕೊಳ್ಳುವುದು ಯುಕ್ತವಲ್ಲ. ಪಾಠವು ತಿದ್ದಲ್ಪಟ್ಟಾಗ ಅನುವಾದವನ್ನು ಮರಳಿ ನೋಡಬೇಕೆಂದು ಯಂತ್ರವು ನೆನಪಿಸಿದರೆ ಅದೇ ದೊಡ್ಡ ಸಹಾಯ.

ಆದುದರಿಂದ ಏಕಮೂಲ ಪದ್ಧತಿಯನ್ನು ಸ್ವೀಕರಿಸುವವರು ಸಂದೇಹವನ್ನೂ ಪಾಠಾಂತರವನ್ನೂ ತಿದ್ದುಪಡಿಯ ದಿನಾಂಕವನ್ನೂ ಅದೇ ಕಡತದಲ್ಲಿ ದಾಖಲಿಸಬೇಕು. ಪಡಿಯಚ್ಚಿನ ಚಿತ್ರವನ್ನು ಪಕ್ಕದಲ್ಲಿಯೇ ಇರಿಸಬೇಕು. ಕಡತವು ಪ್ರಕಟಣೆಗಳಿಗೆ ಮೂಲವಾಗಬಹುದು. ಶಾಸನಕ್ಕೆ ಮೂಲ ಕಲ್ಲೇ.