ಮಾನಸಗಂಗೋತ್ರಿಯ ವಾಗ್ವಿದ್ಯೆ, ಕಡೂರು ಸೀಮೆಯ ಮಾತು

ಒಂದು ವಿದ್ಯೆಯ ಬೆಲೆಯನ್ನು ಅದನ್ನು ಕಲಿಸುವ ಆವರಣದೊಳಗೇ ನಿಂತು ಕಟ್ಟಿದರೆ ಅದು ಅರ್ಧ ವಿಮರ್ಶೆಯಾದೀತು. ಕಲಿತವರ ನೆರವು ಯಾರಿಗೆ ಸಲ್ಲಬೇಕೋ ಅವರ ಊರಿನಿಂದಲೂ ಅದನ್ನು ನೋಡಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಕ್ಷಣಕ್ರಮವನ್ನು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಸಲ್ಲತಕ್ಕ ಪ್ರಶಂಸೆಯನ್ನು ಸಲ್ಲಿಸಬೇಕು. ಉಗ್ಗು, ತೊದಲು, ಕಿವುಡು, ಮೂಗತನಗಳನ್ನು ಪೂರ್ವಕರ್ಮದ ಫಲವೆಂದು ಸಹಿಸಿಕೊಂಡು, ಮಗುವಿನ ನಾಲಗೆಗೆ ಬಜೆ ತಿಕ್ಕಿ, ದೇವರಿಗೆ ಹರಕೆ ಹೊತ್ತು ಸುಮ್ಮನಾಗುತ್ತಿದ್ದ ಜನರ ನಡುವೆ, ವಾಗ್ದೋಷವೂ ಶಾಸ್ತ್ರೀಯವಾದ ಪರೀಕ್ಷೆಗೂ ಚಿಕಿತ್ಸೆಗೂ ಒಳಪಡತಕ್ಕ ವಿಷಯವೆಂಬುದನ್ನು 1965ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ನೆಲೆಗೊಳಿಸಿತು. ಕಂಠ, ನಾಲಗೆ, ಕಿವಿಗಳ ರಚನೆಯಿಂದ ಮೊದಲ್ಗೊಂಡು ನರವ್ಯೂಹ, ಧ್ವನಿಯ ಭೌತಶಾಸ್ತ್ರ, ಮನಶ್ಶಾಸ್ತ್ರ, ಭಾಷಾಶಾಸ್ತ್ರಗಳವರೆಗೆ ಹರಡಿರುವ ಪಠ್ಯಕ್ರಮ. ಪುಸ್ತಕಪಾಠದ ಜೊತೆಜೊತೆಗೇ ಗುರುಗಳ ಕಣ್ಣೆದುರಿನಲ್ಲಿ ರೋಗಿಯೊಡನೆ ಕುಳಿತು ಮಾಡಬೇಕಾದ ಅಭ್ಯಾಸ. ಪದವಿಯ ನಾಲ್ಕು ವರ್ಷಗಳಲ್ಲಿ ಕೊನೆಯದನ್ನು ಪೂರ್ತಿಯಾಗಿ ಪ್ರಯೋಗಾನುಭವಕ್ಕೆ ಮೀಸಲಿಟ್ಟ ವ್ಯವಸ್ಥೆ, ಇವೆಲ್ಲವೂ ಸೇರಿ ಇದನ್ನು ನಮ್ಮ ನಾಡಿನ ಅತ್ಯಂತ ಶಿಸ್ತಿನ ಶಿಕ್ಷಣಕ್ರಮಗಳಲ್ಲಿ ಒಂದನ್ನಾಗಿ ಮಾಡಿವೆ. ಪಾಶ್ಚಾತ್ಯರ ಅಳತೆಗೋಲನ್ನೇ ತಂದು ನಮ್ಮ ಮಕ್ಕಳ ಮುಂದೆ ಹಿಡಿಯದೆ, 1972ರಷ್ಟು ಹಿಂದೆಯೇ ಬಾಬು, ರತ್ನ, ಬೆಟ್ಟಗೇರಿ ಎಂಬ ಸಂಶೋಧಕರು ಕನ್ನಡದ ಉಚ್ಚಾರಣೆಗೆಂದೇ ಪ್ರತ್ಯೇಕವಾದ ಪರೀಕ್ಷೆಯನ್ನು ರಚಿಸಿದುದು ಸಾಮಾನ್ಯವಾದ ಸಾಧನೆಯಲ್ಲ.

ಆದರೆ ಯಾವ ಕನ್ನಡವೆಂಬ ಪ್ರಶ್ನೆ ಇಲ್ಲಿಯೇ ತಲೆಯೆತ್ತುತ್ತದೆ. ಕಡೂರಿನ ಬಯಲಿನ ಹಳ್ಳಿಯ ಬಾಲಕನು ಹಾಲನ್ನು ‘ಆಲು’ ಎಂದರೆ, ಭೂಮಿಯನ್ನು ‘ಬೂಮಿ’ ಎಂದರೆ, ಶಂಕರನನ್ನು ‘ಸಂಕರ’ ಎಂದು ಕರೆದರೆ ಅವನ ನಾಲಗೆಯಲ್ಲಿ ಯಾವ ದೋಷವೂ ಇಲ್ಲ. ಅವನ ತಂದೆಯೂ ತಾತನೂ ಹಾಗೆಯೇ ನುಡಿದವರು. ಅದೇ ಬಾಲಕನು ಏಳನೆಯ ವಯಸ್ಸಿನಲ್ಲಿಯೂ ‘ಕ’ಕಾರದ ಸ್ಥಾನದಲ್ಲಿ ‘ತ’ಕಾರವನ್ನು ನುಡಿಯುತ್ತಿದ್ದರೆ ಅದು ಪರೀಕ್ಷಿಸಬೇಕಾದ ವಿಷಯ. ಇವೆರಡರ ಭೇದವನ್ನು ಭಾಷಾಶಾಸ್ತ್ರದ ಪಾಠವು ತತ್ತ್ವತಃ ಕಲಿಸುವುದೇನೋ ಸರಿ. ಆದರೆ ದೇಶದ ನಾನಾ ಭಾಗಗಳಿಂದ ಬಂದು, ಎಷ್ಟೋ ಜನ ಕನ್ನಡವನ್ನೇ ಹೊಸದಾಗಿ ಕಲಿಯಬೇಕಾದ ವಿದ್ಯಾರ್ಥಿಗಳಿಗೆ ಅದು ಕಿವಿಯ ಅನುಭವವಾಗಿ ದಕ್ಕಬೇಕಾದರೆ ಹಳ್ಳಿಯ ಮಾತನ್ನು ಹಳ್ಳಿಯಲ್ಲಿಯೇ ಕೇಳಬೇಕು. ತರೀಕೆರೆಯ ಸುತ್ತಿನ ತಾಂಡಾಗಳಲ್ಲಿ ಮನೆಯಲ್ಲಿ ಲಂಬಾಣಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಮಗುವನ್ನು ಕನ್ನಡ ಪರೀಕ್ಷೆಯೊಂದರಿಂದಲೇ ಅಳೆದು ‘ಭಾಷಾವಿಳಂಬ’ವೆಂದು ಬರೆದುಬಿಡುವುದು ಅನ್ಯಾಯವೇ ಸರಿ.

ನಿದಾನದಲ್ಲಿ ಇಂತಹ ಎಚ್ಚರ ಬೇಕಾದರೆ, ಚಿಕಿತ್ಸೆಯಲ್ಲಿ ಕಾಲವೂ ದೂರವೂ ಎದುರುನಿಲ್ಲುತ್ತವೆ. ಹುಟ್ಟಿದ ಮಗುವಿನ ಶ್ರವಣಶಕ್ತಿಯನ್ನು ಒಂದು ತಿಂಗಳೊಳಗೆ ಪರೀಕ್ಷಿಸಿ, ದೋಷವನ್ನು ಮೂರು ತಿಂಗಳೊಳಗೆ ನಿರ್ಧರಿಸಿ, ಆರು ತಿಂಗಳೊಳಗೆ ಉಪಚಾರವನ್ನು ಆರಂಭಿಸಬೇಕೆಂಬುದು ಈ ಶಾಸ್ತ್ರದಲ್ಲಿ ಸರ್ವಸಮ್ಮತವಾದ ನಿಯಮ. ಸೀಳು ಅಂಗುಳವನ್ನು ಶಸ್ತ್ರವೈದ್ಯನು ಮುಚ್ಚಿದ ಮೇಲೆಯೂ ಮಾತನ್ನು ತಿದ್ದುವ ಕೆಲಸ ತಿಂಗಳುಗಟ್ಟಲೆ ಉಳಿದಿರುತ್ತದೆ. ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಮೊದಲ ಕೆಲವು ತಿಂಗಳುಗಳೇ ಅತ್ಯಮೂಲ್ಯ. ಒಂದು ಸಲ ಹೋಗಿ ಔಷಧಿ ತಂದು ಮುಗಿಸುವ ವ್ಯವಹಾರ ಇದಲ್ಲ. ಅಡಕೆಯ ಕೊಯ್ಲಿನ ಕೂಲಿಯನ್ನು ನಂಬಿದ ತಾಯಿಯು ಮಗುವನ್ನು ಎತ್ತಿಕೊಂಡು ವಾರವಾರವೂ ಸುಮಾರು 200 ಕಿಲೋಮೀಟರು ದೂರದ ಮೈಸೂರಿಗೆ ಹೋಗಿಬರಲಾರಳು. ಆದುದರಿಂದ ಈ ವಿದ್ಯೆಯಲ್ಲಿ ತಾಯಿಗೆ, ಅಂಗನವಾಡಿ ಕಾರ್ಯಕರ್ತೆಗೆ, ಶಾಲೆಯ ಮೇಷ್ಟರಿಗೆ ಅಭ್ಯಾಸಕ್ರಮವನ್ನು ಹೇಳಿಕೊಡುವ ಕೌಶಲವೇ ಚಿಕಿತ್ಸೆಯ ಅರ್ಧಭಾಗ; ಪಠ್ಯದಲ್ಲಿ ಅದು ಪಡೆದಿರುವ ಸ್ಥಾನವು, ಯಂತ್ರಗಳ ಉಪಯೋಗಕ್ಕೂ ಸಂಶೋಧನೆಗೂ ದೊರೆತಿರುವ ಗೌರವಕ್ಕೆ ಹೋಲಿಸಿದರೆ, ಕಿರಿದಾದುದೆಂದೇ ನನ್ನ ಅಭಿಪ್ರಾಯ.

ಸಂಸ್ಥೆಯು ದೂರದ ಈ ಕಷ್ಟವನ್ನು ಅರಿಯದೆ ಇಲ್ಲ. ಸಾಗರ, ಅಕ್ಕಿಹೆಬ್ಬಾಳು, ಹುಲ್ಲಹಳ್ಳಿ, ಗುಂಬಳ್ಳಿಗಳಲ್ಲಿ ಅದು ವಿಸ್ತರಣ ಕೇಂದ್ರಗಳನ್ನು ತೆರೆದುದೇ ಇದಕ್ಕೆ ಸಾಕ್ಷಿ. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಕಡೂರು, ಬೀರೂರು, ತರೀಕೆರೆಗಳನ್ನು ಹಾದೇ ಸಾಗರವನ್ನು ಮುಟ್ಟುತ್ತದೆ. ಅಜ್ಜಂಪುರವು ಬೀರೂರಿನಿಂದ ಕವಲೊಡೆಯುವ ಹಾದಿಯಲ್ಲಿದೆ. ಸಾಗರದವರೆಗೆ ಹೋಗಬಲ್ಲ ವಿದ್ಯೆಯು ನಡುವಿನ ನಿಲ್ದಾಣಗಳಲ್ಲಿಯೂ ಇಳಿಯುವುದು ಅಸಾಧ್ಯವೇನಲ್ಲ.

ಶಾಸ್ತ್ರದಲ್ಲಿ ಈ ಶಿಕ್ಷಣವು ಶ್ರೇಷ್ಠ. ಸೇವೆಯಲ್ಲಿ ಇನ್ನೂ ಅಪೂರ್ಣ. ಪ್ರಯೋಗಾನುಭವದ ವರ್ಷದಲ್ಲಿ ಕೆಲವು ತಿಂಗಳನ್ನಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ, ಅಲ್ಲಿಯ ಜನರ ಮಾತನ್ನು ಆಡುತ್ತ ಕಳೆಯದವನಿಗೆ ಪದವಿ ದೊರೆಯಕೂಡದೆಂಬ ನಿಯಮವನ್ನು ಪದವಿ ನೀಡುವ ಮೈಸೂರು ವಿಶ್ವವಿದ್ಯಾನಿಲಯವೂ ಈ ಶಿಕ್ಷಣವನ್ನು ನಿಯಂತ್ರಿಸುವ ಭಾರತೀಯ ಪುನರ್ವಸತಿ ಪರಿಷತ್ತೂ ಕೂಡಿ ವಿಧಿಸಬೇಕು.