ಗೊಲ್ಲತಿ ಸಾಲಿಗೆ ಬರಲಿ

ನಮ್ಮ ಉತ್ತರ ಕರ್ನಾಟಕದ ಬಯಲಾಟ ಶ್ರೀಕೃಷ್ಣ ಪಾರಿಜಾತದಲ್ಲಿ ನನಗೆ ಬಹಳ ಸೇರುವುದು ಗೊಲ್ಲತಿಯ ಪ್ರವೇಶ. ಹಾಲು, ಮೊಸರು ಹೊತ್ತು ಹೊರಟವಳನ್ನು ಕೃಷ್ಣ ಅಡ್ಡಗಟ್ಟುತ್ತಾನೆ. ಎದುರಿಗಿರುವವನು ದೇವರೆಂದು ಆಕೆ ಬಿಡುವುದಿಲ್ಲ. ಮಹಾಲಿಂಗಪುರದ ಸಂತೆಯಲ್ಲಿ ಕುಳಿತ ಹೆಣ್ಣುಮಗಳ ಹಾಗೆ ಮಾತಿಗೆ ಮಾತು ಕೊಡುತ್ತಾಳೆ. ಹಾಡು ಮೊದಲೇ ಗೊತ್ತಾದದ್ದು, ಅದರ ರಾಗ ತಾಳ ಪೇಟಿ ಮಾಸ್ತರನ ಬೆರಳಲ್ಲಿರುತ್ತದೆ. ನಡುವಿನ ಮಾತು ಮಾತ್ರ ಆ ರಾತ್ರಿಯೇ ಹುಟ್ಟಬೇಕು. ಆಟ ನಡೆಸುವ ಭಾಗವತ ಏನು ಕೇಳುತ್ತಾನೋ ಗೊತ್ತಿಲ್ಲ, ಕೇಳಿದ ಕೂಡಲೇ ಉತ್ತರ ಕಟ್ಟಬೇಕು. ಅಪರಾಳ ತಮ್ಮಣ್ಣ ರಚಿಸಿದ ಈ ಆಟವನ್ನು ಕುಲಗೋಡ ತಮ್ಮಣ್ಣ ಬೆಳೆಸಿದ. ಮುಂದೆ ಕೌಜಲಗಿ ನಿಂಗಮ್ಮನಂಥವರ ಕಂಠದಲ್ಲಿ ಅದು ಮನೆಮಾತಾಯಿತು.

ಹಿಂದೊಮ್ಮೆ ಸಾಲಿ ಮಕ್ಕಳ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಗೊಲ್ಲತಿಯಾಗಿ ಬಂದ ಹುಡುಗಿಯ ದನಿ ಚೊಕ್ಕ ಇತ್ತು, ತಾಳ ತಪ್ಪಲಿಲ್ಲ. ಕೃಷ್ಣನಾದ ಗೆಳತಿ ಒಂದು ಮಾತು ಮರೆತಳು, ಇವಳು ನಿಂತಲ್ಲೇ ನಿಂತಳು. ಬಾಯಿಪಾಠದ ಸರಪಳಿಯಲ್ಲಿ ಒಂದು ಕೊಂಡಿ ಕಳಚಿತ್ತು. ಆ ಮಗುವಿನ ತಪ್ಪಲ್ಲ ಅದು. ಆಟಕ್ಕೆ ಬೇಕಾದ ಮುಖ್ಯ ವಿದ್ಯೆಯನ್ನೇ ಅವಳಿಗೆ ಯಾರೂ ಕಲಿಸಿರಲಿಲ್ಲ. ಅದನ್ನು ಬಲ್ಲವರು ಬಹುಶಃ ಅದೇ ಊರಿನ ಕಟ್ಟೆಯ ಮೇಲೆ ಕುಳಿತಿದ್ದರು.

ಸಾಲಿಗೂ ಮೇಳಕ್ಕೂ ನಡುವಿನ ಈ ದೂರ ತಗ್ಗಿಸಲು ಸಾಧ್ಯವಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ 2009ರಲ್ಲಿ ‘ಕಲಿ-ಕಲಿಸು’ ಎಂಬ ಕೆಲಸ ಶುರು ಮಾಡಿತು. ರಾಜ್ಯದ ಸರ್ಕಾರಿ ಸಾಲಿಗಳ ಶಿಕ್ಷಕರಿಗೂ ಅದು ಅನುದಾನ ಕೊಡುತ್ತ ಬಂದಿದೆ. ಊರಿನ ಕಲೆ, ಕಸುಬು, ತಿಳಿವಳಿಕೆಗಳನ್ನು ತರಗತಿಯ ಪಾಠದೊಂದಿಗೆ ಹೆಣೆಯುವುದು ಅದರ ಉದ್ದೇಶ. ಹಣ ಶಿಕ್ಷಕರ ಕೈಗೇ ಬರುವುದು ನನಗೆ ಹಿಡಿಸಿದ ಸಂಗತಿ. ಯಾವ ಓಣಿಯಲ್ಲಿ ಯಾವ ಕಲಾವಿದರಿದ್ದಾರೆಂದು ಅವರಿಗೆ ಗೊತ್ತು. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಇನ್ನೊಂದು ದಾರಿ ಹಿಡಿದಿದೆ. ಯಕ್ಷಗಾನದ ಗುರುಗಳು ಪ್ರೌಢಶಾಲೆಗಳಿಗೇ ಹೋಗಿ ತಿಂಗಳುಗಟ್ಟಲೆ ಕಲಿಸುತ್ತಾರೆ, ಕೊನೆಗೆ ಊರವರೆದುರು ಮಕ್ಕಳು ಪೂರ್ತಿ ಪ್ರಸಂಗ ಆಡುತ್ತಾರೆ. ಐದು ನಿಮಿಷದ ತುಣುಕಲ್ಲ, ಪೂರ್ತಿ ಪ್ರಸಂಗ.

ನಮ್ಮ ಬಾಗಲಕೋಟೆ ಸೀಮೆಗೇನು ಕೊರತೆ? ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲೇ ಇದೆ. ಜಾತ್ರೆಯ ಕರಡಿ ಮಜಲು ಕೇಳಿದರೆ ಎಳೆ ಹುಡುಗರ ಕಾಲೂ ತಾನಾಗಿ ಕುಣಿಯುತ್ತದೆ. ಮಹಾಲಿಂಗಪುರದ ಬೆಲ್ಲದ ಪೇಟೆಯ ವ್ಯಾಪಾರಸ್ಥರು, ರಬಕವಿ-ಬನಹಟ್ಟಿಯ ನೇಕಾರರು ಆಟಕ್ಕೆ ಕೈ ಬಿಚ್ಚಿ ಪಟ್ಟಿ ಕೊಡುವ ಜನ. ಆ ಪಟ್ಟಿಯ ಒಂದು ಪಾಲು ಸಾಲಿಗೂ ತಿರುಗಲಿ. ಸಾಲಿಯ ಎಸ್‌ಡಿಎಂಸಿ ಸಮಿತಿಯವರು ವಾರಕ್ಕೊಂದು ಮಧ್ಯಾಹ್ನ ಬಿಡಿಸಿಕೊಡಲಿ. ಗೊಲ್ಲತಿಯ ಸೀರೆ ನೇಕಾರರ ಮನೆಯಿಂದ ಬರಲಿ, ಮಕ್ಕಳು ಮಗ್ಗದ ಮುಂದೆ ನಿಂತು ಅದನ್ನು ಹೇಗೆ ನೇಯುತ್ತಾರೆಂದು ನೋಡಲಿ. ಕಲಿಸಲು ಬರುವ ಹಿರಿಯರಿಗೆ ಶಾಲು, ಹಾರದ ಜೊತೆ ತಿಂಗಳ ಸಂಭಾವನೆಯೂ ಇರಲಿ. ಕಲಾವಿದರನ್ನು ಪುಕ್ಕಟೆ ಕರೆಯುವ ರೂಢಿ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ, ಅದು ನನಗೆ ನೋವಿನ ಸಂಗತಿ.

ಪಾರಿಜಾತ ಕಲಿತ ಮಕ್ಕಳೆಲ್ಲ ಮೇಳ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು ತನ್ನ ಮಾತು ತಾನೇ ಕಟ್ಟುವ ವಿದ್ಯೆ ಯಾವ ಪಠ್ಯಪುಸ್ತಕದಲ್ಲಿದೆ?

ಆ ಸ್ಪರ್ಧೆಯ ಹುಡುಗಿ ಈಗಲೂ ನೆನಪಾಗುತ್ತಾಳೆ. ಅವತ್ತು ಪಕ್ಕದಲ್ಲಿ ಒಬ್ಬ ಹಿರಿಯ ಭಾಗವತ ತಾಳ ಹಿಡಿದು ನಿಂತಿದ್ದರೆ ಅವಳ ಮೌನವನ್ನೂ ಆಟದೊಳಗೆ ಎಳೆದುಕೊಳ್ಳುತ್ತಿದ್ದ: “ಯಾಕವ್ವಾ ಸುಮ್ಮನಾದಿ, ಮಜ್ಜಿಗಿ ಚೆಲ್ಲಿತೇನು?” ಅವಳು ಏನಾದರೂ ಅಂದೇ ಅನ್ನುತ್ತಿದ್ದಳು.